ಕಂಪನಿ ಕೆಟ್ಟ ಕಾನೂನಿನ ಪರ ನಿಂತಾಗ ಗ್ರಾಹಕರ ಕೈಯಲ್ಲಿ ಏನಿರುತ್ತದೆ?

2011ರ ಡಿಸೆಂಬರ್ 22. ವೆಬ್‌ಸೈಟುಗಳಿಗೆ ಹೆಸರು ಮಾರುವ, ಅಮೆರಿಕದ ಅರಿಜೋನಾ ರಾಜ್ಯದ ಗೋಡ್ಯಾಡಿ ಕಂಪನಿಯನ್ನು ಬಹಿಷ್ಕರಿಸಿ ಎಂಬ ಕರೆ ಎದ್ದಿತ್ತು. ಪತ್ರಕರ್ತರು ಕೇಳಿದ್ದಕ್ಕೆ ಕಂಪನಿಯವರು, ಒಂದಷ್ಟು ಇಮೇಲ್ ಬಂದಿವೆ, ವ್ಯಾಪಾರಕ್ಕೇನೂ ಪೆಟ್ಟು ಬಿದ್ದಿಲ್ಲ ಎಂದರು. ಮರುದಿನವೇ ಅದೇ ಕಂಪನಿ, ತಾನು ಅಲ್ಲಿಯವರೆಗೆ ಬೆಂಬಲಿಸಿಕೊಂಡು ಬಂದಿದ್ದ, ಇಂಟರ್ನೆಟ್‌ನಲ್ಲಿ ಕೃತಿಚೌರ್ಯ ತಡೆಯುವ ಸೋಪಾ ಮಸೂದೆಗೆ ಇನ್ನು ತನ್ನ ಬೆಂಬಲವಿಲ್ಲ ಎಂದು ಹೇಳಿಕೆ ಕೊಟ್ಟಿತು. ಒಂದೇ ದಿನದಲ್ಲಿ ಮಾತು ತಿರುಗಿತು. ಯಾಕೆ ತಿರುಗಿತು ಎನ್ನುವುದನ್ನು ಬಿಡಿಸಿ ನೋಡಿದರೆ, ಇಂಟರ್ನೆಟ್ ಕಾನೂನುಗಳ ವಿಷಯದಲ್ಲಿ ಗ್ರಾಹಕರ ಸಿಟ್ಟು ಎಲ್ಲಿ ನಾಟುತ್ತದೆ, ಎಲ್ಲಿ ಗಾಳಿಗೆ ಹೋಗುತ್ತದೆ ಎಂಬುದು ಗೊತ್ತಾಗುತ್ತದೆ.

ದಾವಣಗೆರೆಯಲ್ಲಿ ಅಂಗಡಿ, ಕೋಚಿಂಗ್ ಸೆಂಟರ್, ಕಲ್ಯಾಣ ಮಂಟಪಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಇಂಥ ಮಾತು ಬಂದಾಗಲೆಲ್ಲ ಗಿರಾಕಿಗಳು ಕೇಳುವುದು ಒಂದೇ: "ಯಾವ್ದೋ ಕಂಪ್ನಿ ಯಾವ್ದೋ ಕಾನೂನಿಗೆ ಸೈ ಅಂತತಿ, ನಾವ್ ನಾಲ್ಕ್ ಮಂದಿ ಬಿಟ್ರ ಅವ್ರಿಗೇನ್ ಆಗ್ತತ್ರೀ?" ನ್ಯಾಯವಾದ ಪ್ರಶ್ನೆಯೇ. ನನ್ನ ಉತ್ತರ ಇಷ್ಟು: ಎಷ್ಟು ಮಂದಿ ಬಿಡುತ್ತಾರೆ ಎನ್ನುವುದು ಮುಖ್ಯವೇ ಅಲ್ಲ ಎನ್ನುವಷ್ಟು ಸಣ್ಣ ವಿಷಯ. ಬಿಡುವವರು ಆ ಕಂಪನಿಗೆ ನೇರವಾಗಿ ದುಡ್ಡು ಕೊಡುವವರೇ? ಬಿಟ್ಟರೆ ತಮ್ಮ ಗಂಟುಮೂಟೆ ಸಮೇತ ಬೇರೆ ಕಡೆ ಹೋಗಬಲ್ಲರೇ? ಅವರು ಕೇಳುತ್ತಿರುವುದು ಕಂಪನಿಯ ಕೈಯಲ್ಲಿರುವ ಕೆಲಸವೇ? ಎಲ್ಲವೂ ಈ ಪ್ರಶ್ನೆಗಳ ಮೇಲೆ ನಿಂತಿದೆ.

ಮೊದಲು ಆ ಮಸೂದೆ ಏನೆಂದು ನೋಡೋಣ. ಸೋಪಾ ಎಂದರೆ ಸ್ಟಾಪ್ ಆನ್‌ಲೈನ್ ಪೈರಸಿ ಆಕ್ಟ್. 2011ರ ಅಕ್ಟೋಬರ್ 26ರಂದು ಟೆಕ್ಸಾಸ್‌ನ ಸಂಸದ ಲಾಮರ್ ಸ್ಮಿತ್ ಇದನ್ನು ಅಮೆರಿಕದ ಕೆಳಮನೆಯಲ್ಲಿ ಮಂಡಿಸಿದರು. ಇದರ ಜೋಡಿ ಮಸೂದೆ ಪೀಪಾವನ್ನು ಸೆನೆಟರ್ ಪ್ಯಾಟ್ರಿಕ್ ಲೇಹಿ ಅದೇ ವರ್ಷದ ಮೇ ತಿಂಗಳಲ್ಲೇ ಮೇಲ್ಮನೆಗೆ ತಂದಿದ್ದರು. ಸಿನಿಮಾ, ಹಾಡು, ಸಾಫ್ಟ್‌ವೇರ್ ಕದ್ದು ಹಂಚುವ ವಿದೇಶಿ ತಾಣಗಳನ್ನು ತಡೆಯುವುದು ಉದ್ದೇಶ. ಉದ್ದೇಶದ ಬಗ್ಗೆ ಯಾರದೂ ತಕರಾರಿರಲಿಲ್ಲ. ಕಷ್ಟಪಟ್ಟು ಸಿನಿಮಾ ತೆಗೆದವನ ದುಡ್ಡು ಕಳ್ಳರ ಪಾಲಾಗಬಾರದು ಎನ್ನುವುದನ್ನು ನಾನೂ ಒಪ್ಪುತ್ತೇನೆ. ತಕರಾರು ಇದ್ದದ್ದು ಉಪಾಯದ ಬಗ್ಗೆ.

ಆ ಉಪಾಯದ ನಡುವಿನ ತುಂಡು ಡಿಎನ್‌ಎಸ್ ತಡೆ. ನೀವು ತಾಣದ ಹೆಸರು ಟೈಪ್ ಮಾಡಿದಾಗ, ಆ ಹೆಸರಿಗೆ ಯಾವ ಅಂಕಿ ವಿಳಾಸ ಎಂದು ಹುಡುಕಿ ಹೇಳುವ ವ್ಯವಸ್ಥೆಯೇ ಡಿಎನ್‌ಎಸ್. ಮಂಡಿಪೇಟೆಯಲ್ಲಿ ಯಾವುದೋ ಅಂಗಡಿ ಕಳ್ಳಮಾಲು ಮಾರುತ್ತದೆ ಎಂದುಕೊಳ್ಳಿ. ಅಂಗಡಿಗೆ ಬೀಗ ಹಾಕುವ ಬದಲು, ಆ ಅಂಗಡಿ ಎಲ್ಲಿದೆ ಎಂದು ಯಾರು ಕೇಳಿದರೂ "ಅಂಥ ಅಂಗಡಿಯೇ ಇಲ್ಲ" ಎಂದು ಹೇಳಬೇಕೆಂದು ಊರಿನ ಆಟೋದವರಿಗೆಲ್ಲ ತಾಕೀತು ಮಾಡಿದರೆ ಹೇಗೋ ಹಾಗೆ. ಅಂಗಡಿ ಇದ್ದಲ್ಲೇ ಇರುತ್ತದೆ, ದಾರಿ ಬಲ್ಲವರು ಹೋಗುತ್ತಲೇ ಇರುತ್ತಾರೆ. ಕೆಡುವುದು ಆಟೋದವರ ಮಾತಿನ ಮೇಲಿನ ನಂಬಿಕೆ. ಪಾಲ್ ವಿಕ್ಸಿ, ಸ್ಟೀವ್ ಕ್ರಾಕರ್, ಡ್ಯಾನ್ ಕಾಮಿನ್ಸ್ಕಿ ಮೊದಲಾದ ಎಂಜಿನಿಯರುಗಳು 2011ರಲ್ಲೇ ಇದನ್ನು ಬರೆದು ಎಚ್ಚರಿಸಿದ್ದರು. ಡಿಎನ್‌ಎಸ್ ಕೊಡುವ ಉತ್ತರವನ್ನು ನಡುವೆ ಯಾರೂ ತಿದ್ದಿಲ್ಲ ಎಂದು ಖಾತ್ರಿ ಮಾಡುವ ಡಿಎನ್‌ಎಸ್‌ಸೆಕ್ ಎಂಬ ಭದ್ರತಾ ವ್ಯವಸ್ಥೆ ಆಗತಾನೇ ಜಾರಿಗೆ ಬರುತ್ತಿತ್ತು. ಕಾನೂನು ಮಾತ್ರ ಉತ್ತರವನ್ನು ತಿದ್ದಲೇಬೇಕು ಎನ್ನುತ್ತಿತ್ತು. ಎರಡೂ ಒಟ್ಟಿಗೆ ನಡೆಯುವಂತಿರಲಿಲ್ಲ.

ಇನ್ನೊಂದು ತುಂಡು ದುಡ್ಡಿನದು. ಮೂಲ ಕರಡಿನ ಪ್ರಕಾರ, ಈ ತಾಣ ನನ್ನ ಕೃತಿಯನ್ನು ಕದಿಯುತ್ತಿದೆ ಎಂದು ಹಕ್ಕುದಾರರು ನೋಟಿಸ್ ಕೊಟ್ಟರೆ, ಹಣ ಪಾವತಿಯ ಕಂಪನಿಗಳೂ ಜಾಹೀರಾತು ಜಾಲಗಳೂ ಐದು ದಿನದೊಳಗೆ ಆ ತಾಣದ ಜೊತೆಗಿನ ವ್ಯವಹಾರ ನಿಲ್ಲಿಸಬೇಕಿತ್ತು. ತಾಣದವನು ಪ್ರತಿನೋಟಿಸ್ ಕೊಡಬಹುದಿತ್ತು, ನಿಜ. ಆದರೆ ನ್ಯಾಯಾಧೀಶರ ಮುಂದೆ ಹೋಗುವ ಮೊದಲೇ ಸಣ್ಣ ವ್ಯಾಪಾರಿಯ ಗಲ್ಲಾಪೆಟ್ಟಿಗೆ ಮುಚ್ಚಿಹೋಗುವ ಸಾಧ್ಯತೆ ಅಲ್ಲಿತ್ತು. ನನಗೆ ಡಿಎನ್‌ಎಸ್‌ಗಿಂತ ಹೆಚ್ಚು ಆತಂಕ ಹುಟ್ಟಿಸುವುದು ಇದೇ.

ಮಸೂದೆಯ ಬೆಂಬಲಿಗರ ಪಟ್ಟಿಯನ್ನು ಕೆಳಮನೆಯ ನ್ಯಾಯಾಂಗ ಸಮಿತಿ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಅದರಲ್ಲಿ ಸಿನಿಮಾ ಕಂಪನಿಗಳು, ಸಂಗೀತ ಕಂಪನಿಗಳು, ಟಿವಿ ಜಾಲಗಳು ಇದ್ದದ್ದು ಸಹಜವೇ. ಅವುಗಳ ನಡುವೆ ಕಣ್ಣಿಗೆ ಬಿದ್ದ ಹೆಸರು ಗೋಡ್ಯಾಡಿ. ವೆಬ್‌ಸೈಟಿಗೆ ಹೆಸರು ನೋಂದಾಯಿಸಿ ಕೊಡುವ, ಅಂದರೆ ಇಂಟರ್ನೆಟ್‌ನ ಅನ್ನವನ್ನೇ ತಿನ್ನುವ ಕಂಪನಿ. ಐದು ಕೋಟಿ ಡೊಮೈನ್, ಅಂದರೆ ತಾಣದ ಹೆಸರುಗಳು, ತನ್ನ ಬಳಿ ಇವೆ ಎಂದು ಹೇಳಿಕೊಳ್ಳುತ್ತಿದ್ದ, ಆ ವ್ಯಾಪಾರದಲ್ಲಿ ಜಗತ್ತಿನಲ್ಲೇ ದೊಡ್ಡದು. ಅದೇ ವರ್ಷ ಮಾರ್ಚ್‌ನಲ್ಲಿ ಅದರ ಮುಖ್ಯಸ್ಥ ಬಾಬ್ ಪಾರ್ಸನ್ಸ್ ಜಿಂಬಾಬ್ವೆಯಲ್ಲಿ ಆನೆ ಹೊಡೆದ ವಿಡಿಯೊ ಹಾಕಿ ಬೈಸಿಕೊಂಡಿದ್ದರು. ಆಗಲೂ ಕೆಲವರು ಡೊಮೈನ್ ಕಿತ್ತುಕೊಂಡು ಹೋಗಿದ್ದರು. ದಾರಿ ಹಾಗಾಗಿ ಮೊದಲೇ ಸವೆದಿತ್ತು.

ಜನ ಚರ್ಚೆ ಮಾಡುವ ತಾಣವಾದ ರೆಡಿಟ್‌ನಲ್ಲಿ ಒಬ್ಬ ಬಳಕೆದಾರ, ನನ್ನ 51 ಡೊಮೈನ್‌ಗಳನ್ನು ಬೇರೆ ಕಡೆ ಒಯ್ಯುತ್ತೇನೆ, ಡಿಸೆಂಬರ್ 29ರಂದು ಎಲ್ಲರೂ ಒಯ್ಯೋಣ ಎಂದು ಬರೆದ. ತಮಾಷೆ ಚಿತ್ರಗಳ ತಾಣಗಳನ್ನು ನಡೆಸುವ ಚೀಸ್‌ಬರ್ಗರ್ ಜಾಲದ ಬೆನ್ ಹುಹ್ ತಮ್ಮ ಸಾವಿರಕ್ಕೂ ಹೆಚ್ಚು ಡೊಮೈನ್ ಒಯ್ಯುವುದಾಗಿ ಹೇಳಿದರು. ವಿಕಿಪೀಡಿಯದ ಜಿಮ್ಮಿ ವೇಲ್ಸ್ ಕೂಡ ವಿಕಿಪೀಡಿಯದ ಹೆಸರುಗಳನ್ನು ಅಲ್ಲಿಂದ ತೆಗೆಯುತ್ತೇವೆ ಎಂದರು. ಪೈಪೋಟಿಯ ಕಂಪನಿ ನೇಮ್‌ಚೀಪ್, ನಮ್ಮಲ್ಲಿಗೆ ಬರುವ ಪ್ರತಿ ಡೊಮೈನ್ ಲೆಕ್ಕಕ್ಕೆ ಇಷ್ಟು ಎಂದು ಇಂಟರ್ನೆಟ್ ಹಕ್ಕುಗಳಿಗಾಗಿ ಹೋರಾಡುವ ಇಎಫ್‌ಎಫ್ ಸಂಸ್ಥೆಗೆ ದೇಣಿಗೆ ಕೊಡುತ್ತೇವೆ ಎಂದು ಸಾರಿತು. ಆ ಕಂಪನಿಗೆ ಇದರಲ್ಲಿ ಸ್ವಂತ ಲಾಭವಿತ್ತು, ಸರಿ. ಆದರೂ ಹೊರಟವರಿಗೆ ಹೋಗಲು ಜಾಗ ಸಿದ್ಧವಿದ್ದದ್ದು ಸಣ್ಣ ಸಂಗತಿಯಲ್ಲ. 23ಕ್ಕೆ ಗೋಡ್ಯಾಡಿ "ಬೆಂಬಲವಿಲ್ಲ" ಎಂದಿತು. ಬೆಂಬಲವಿಲ್ಲ ಎಂದರೆ ಸಾಲದು, ವಿರೋಧಿಸುತ್ತೀರಾ ಹೇಳಿ ಎಂದು ಜನ ಪಟ್ಟು ಹಿಡಿದರು. ಬಹಿಷ್ಕಾರಕ್ಕೆ ಗೊತ್ತುಮಾಡಿದ ದಿನದ ಹೊತ್ತಿಗೆ ಅದೂ ಬಾಯಿಂದ ಬಂತು.

ಈಗ ಲೆಕ್ಕ ನೋಡಿ. ಆ ವಾರ ಹೊರಹೋದ ಡೊಮೈನ್‌ಗಳು ಹತ್ತಾರು ಸಾವಿರ. ಐದು ಕೋಟಿಯ ಎದುರು ಅದು ನೂರಕ್ಕೆ ಒಂದೂ ಅಲ್ಲ. ಹಾಗಿದ್ದೂ ಕಂಪನಿ ಬಗ್ಗಿದ್ದು ಯಾಕೆ? ಡೊಮೈನ್ ವರ್ಷ ವರ್ಷ ನವೀಕರಿಸುವ ವಸ್ತು. ಒಂದು ಹೆಸರಿನಿಂದ ಸಿಗುವ ಲಾಭ ಕಡಿಮೆ, ಅದರ ಬೆನ್ನಿಗೆ ಮಾರುವ ಹೋಸ್ಟಿಂಗ್ (ತಾಣ ಇಡಲು ಜಾಗ), ಇಮೇಲ್ ಇತ್ಯಾದಿಯಿಂದಲೂ ಗಳಿಕೆ. ಗಿರಾಕಿ ಒಮ್ಮೆ ಹೋದ ಎಂದರೆ ಮುಂದಿನ ಹತ್ತು ವರ್ಷದ ಗಳಿಕೆಯೂ ಅವನ ಹಿಂದೆಯೇ ಹೋಗುತ್ತದೆ. ಇನ್ನೊಂದು, ಹೋದವರು ಯಾರು? ವೆಬ್‌ಸೈಟ್ ಕಟ್ಟುವವರು. ನನ್ನಂಥ ಸಣ್ಣ ಊರಿನವನೂ, ಯಾವ ಕಂಪನಿಯಲ್ಲಿ ಹೆಸರು ತಗೊಳ್ಳಲಿ ಎಂದು ಕೇಳುವ ಗಿರಾಕಿಗೆ ದಾರಿ ತೋರಿಸುವವನು. ಅಂಥವರು ತಿರುಗಿಬಿದ್ದರೆ ಹೊಸ ವ್ಯಾಪಾರವೂ ತಿರುಗುತ್ತದೆ. ಮತ್ತೆ, ಜನ ಕೇಳಿದ್ದು ಒಂದೇ ಒಂದು ಕೆಲಸ, ಅದೂ ಕಂಪನಿ ಸಂಜೆಯೊಳಗೆ ಮಾಡಿ ಮುಗಿಸಬಹುದಾದದ್ದು: ಬೆಂಬಲ ವಾಪಸು ತಗೊಳ್ಳಿ. ಅದಕ್ಕೆ ಕಂಪನಿಗೆ ಖರ್ಚೇನೂ ಇರಲಿಲ್ಲ. ಬೆಂಬಲ ಉಳಿಸಿಕೊಂಡರೆ ಖರ್ಚು ಏರುತ್ತಿತ್ತು.

ದುಡ್ಡು ಬರುವ ಬೇರಿಗೇ ಕೈ ಹಾಕುವ ಈ ಉಪಾಯ ನಮ್ಮ ಸೀಮೆಗೆ ಹೊಸದಲ್ಲ. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳತ್ವದಲ್ಲಿ ಜನ ಈಚಲ ಮರಗಳಿಗೆ ಕೊಡಲಿ ಹಾಕಿ ಜೈಲಿಗೆ ಹೋದರು. ಹೆಂಡ ಕುಡಿಯಬೇಡಿ ಎಂದು ಭಾಷಣ ಮಾಡುವುದು ಒಂದು ದಾರಿ, ಹೆಂಡದಿಂದ ಸರ್ಕಾರಕ್ಕೆ ಬರುವ ಆದಾಯದ ಮೂಲವನ್ನೇ ಮುಟ್ಟುವುದು ಇನ್ನೊಂದು ದಾರಿ. ತುರುವನೂರಿನವರು ಎರಡನೆಯದನ್ನು ಹಿಡಿದರು.

ಡೊಮೈನ್ ಬೇರೆ ಕಡೆ ಒಯ್ಯುವುದು ಹೇಗೆ ಎಂದು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಬಹಿಷ್ಕಾರದ ಬಲವೆಲ್ಲ ಇರುವುದು ಈ ಬೇಸರದ ಕೆಲಸದಲ್ಲೇ. ಮೊಳಕಾಲ್ಮೂರು ಸೀರೆ ಮಾರುವ ಇಲ್ಲಿನ ಅಂಗಡಿಯೊಂದರ ಹೆಸರನ್ನು ಕಂಪನಿಯಿಂದ ಕಂಪನಿಗೆ ಬದಲಿಸಬೇಕಿತ್ತು. ಮೊದಲು ಹಳೆಯ ಕಂಪನಿಯ ಖಾತೆಗೆ ಹೋಗಿ ಡೊಮೈನ್ ಮೇಲಿನ ಲಾಕ್ ತೆಗೆಯಬೇಕು. ಆಮೇಲೆ ಆಥ್ ಕೋಡ್ ಕೇಳಬೇಕು. ಅಕ್ಷರ, ಅಂಕಿ, ಚಿಹ್ನೆ ಕಲೆಸಿದ ಆ ಸಾಲು ನೋಂದಾಯಿತ ಇಮೇಲಿಗೆ ಬರುತ್ತದೆ, ಇಲ್ಲವೇ ಖಾತೆಯ ಪುಟದಲ್ಲೇ ಕಾಣುತ್ತದೆ. ಕೋಡ್ ಕೊಡಲು ಕಂಪನಿ ಐದು ದಿನ ಮೀರುವಂತಿಲ್ಲ ಎಂದು ಡೊಮೈನ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮವಿದೆ. ಆ ಕೋಡನ್ನು ಹೊಸ ಕಂಪನಿಯಲ್ಲಿ ಹಾಕಿ ದುಡ್ಡು ಕಟ್ಟಿದರೆ, ಹಳೆಯವರು ತಡೆಯದಿದ್ದರೆ ಐದು ದಿನದಲ್ಲಿ ಹೆಸರು ಈ ಕಡೆ ಬರುತ್ತದೆ. ಡಾಟ್ ಕಾಮ್ ಆದರೆ ಕಟ್ಟಿದ ದುಡ್ಡಿಗೆ ಒಂದು ವರ್ಷದ ಅವಧಿಯೂ ಸೇರುತ್ತದೆ, ನಷ್ಟವೇನಿಲ್ಲ. ಹೊಸದಾಗಿ ಕೊಂಡ ಹೆಸರನ್ನು ಮಾತ್ರ ಮೊದಲ 60 ದಿನ ಕದಲಿಸಲು ಬಿಡುವುದಿಲ್ಲ.

ಕೆಲಸ ನಿಂತದ್ದು ಇದ್ಯಾವುದರಲ್ಲೂ ಅಲ್ಲ. ಆ ಅಂಗಡಿಗೆ ವರ್ಷಗಳ ಹಿಂದೆ ಸೈಟ್ ಮಾಡಿಕೊಟ್ಟಿದ್ದವರು ಡೊಮೈನ್ ಅನ್ನು ತಮ್ಮದೇ ಹೆಸರಿನಲ್ಲಿ, ತಮ್ಮದೇ ಇಮೇಲ್‌ನಲ್ಲಿ ನೋಂದಾಯಿಸಿ ಊರು ಬಿಟ್ಟಿದ್ದರು. ಅಂಗಡಿಯ ಯಜಮಾನರು ಕೇಳಿದರು: "ಅಲ್ರೀ, ಹೆಸ್ರು ನಮ್ದು, ರೊಕ್ಕ ನಮ್ದು, ಕೀಲಿ ಮಾತ್ರ ಅವ್ರ ಕೈಯಾಗ ಯಾಕ್ ಐತಿ?" ಅವರಿಗೆ ಹೇಳಲು ನನ್ನ ಬಳಿ ಒಳ್ಳೆಯ ಉತ್ತರವಿರಲಿಲ್ಲ. ನಮ್ಮ ಕಡೆಯ ಸಣ್ಣ ಅಂಗಡಿಗಳಲ್ಲಿ ಇದು ತೀರಾ ಸಾಮಾನ್ಯ. ಇಂಥವರಿಗೆ ಬಹಿಷ್ಕಾರದ ಕರೆ ಕೊಟ್ಟು ಏನುಪಯೋಗ? ದುಡ್ಡು ಕೊಡುವವರು ಇವರೇ, ಹೊರಡುವ ಹಕ್ಕು ಮಾತ್ರ ಇವರ ಕೈಯಲ್ಲಿಲ್ಲ. ನಿಮ್ಮ ಅಂಗಡಿಯ ಡೊಮೈನ್ ಯಾರ ಇಮೇಲ್‌ನಲ್ಲಿದೆ ಎಂದು ಇವತ್ತೇ ಕೇಳಿ ನೋಡಿ. ಡಾಟ್ ಇನ್ ಆದರೂ ಅಷ್ಟೇ, ಕನ್ನಡದಲ್ಲೇ ಬರೆಯುವ ಡಾಟ್ ಭಾರತ ಆದರೂ ಅಷ್ಟೇ.

ಗೋಡ್ಯಾಡಿ ಬಗ್ಗಿತು ಎಂದ ಮಾತ್ರಕ್ಕೆ ಸೋಪಾ ಬೀಳಲಿಲ್ಲ. ಕಂಪನಿಯ ಬೆಂಬಲ ಬೇರೆ, ಸಂಸದರ ಮತ ಬೇರೆ. 2012ರ ಜನವರಿ 14ರಂದು ಶ್ವೇತಭವನ, ಡಿಎನ್‌ಎಸ್‌ಗೆ ಕೈ ಹಾಕುವ ಕಾನೂನನ್ನು ಒಪ್ಪುವುದಿಲ್ಲ ಎಂದಿತು. ಜನವರಿ 18ರಂದು ಇಂಗ್ಲಿಷ್ ವಿಕಿಪೀಡಿಯ 24 ಗಂಟೆ ಬಾಗಿಲು ಮುಚ್ಚಿತು, ರೆಡಿಟ್ 12 ಗಂಟೆ. ಗೂಗಲ್ ತನ್ನ ಹೆಸರಿನ ಮೇಲೆ ಕಪ್ಪುಪಟ್ಟಿ ಎಳೆಯಿತು, ಅದರ ಮನವಿಗೆ 70 ಲಕ್ಷ ಸಹಿ ಬಿದ್ದವು. ಸಂಸದರ ಕಚೇರಿಗಳಿಗೆ ಕರೆಗಳ ಮಳೆ. 20ನೇ ತಾರೀಖಿಗೆ ಎರಡೂ ಮಸೂದೆಗಳನ್ನು ಬದಿಗಿಟ್ಟರು. ಬಹಿಷ್ಕಾರ ಮಾಡಿದ್ದು ಇದಕ್ಕಿಂತ ಮುಂಚಿನ ಕೆಲಸ. ಸಮಿತಿ ಪ್ರಕಟಿಸಿದ್ದ ಬೆಂಬಲದ ಪಟ್ಟಿಯನ್ನು ಅದು ಬೀದಿಗೆ ತಂದಿತು, ತಂತ್ರಜ್ಞಾನ ಕಂಪನಿಗಳೂ ನಮ್ಮ ಜೊತೆಗಿವೆ ಎಂದು ಮಸೂದೆಯವರು ಹೇಳಿಕೊಳ್ಳದಂತೆ ಮಾಡಿತು. ಆ ಕೆಲಸವನ್ನು ನಾನು ಕಡಿಮೆ ಎಣಿಸುವುದಿಲ್ಲ.

ನಮ್ಮ ದೇಶಕ್ಕೆ ಬಂದರೆ 2015 ಮರೆಯಲಾಗದ ವರ್ಷ. ಮಾರ್ಚ್ 27ರಂದು ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ವಾಟ್ಸಾಪ್, ಸ್ಕೈಪ್‌ನಂಥ ಸೇವೆಗಳಿಗೆ ಯಾವ ನಿಯಮ ಇರಬೇಕು ಎಂದು 20 ಪ್ರಶ್ನೆಗಳ, ನೂರು ಪುಟ ದಾಟಿದ ಸಮಾಲೋಚನಾ ಪತ್ರ ಹೊರಡಿಸಿತು. ಏಪ್ರಿಲ್ ಮೊದಲ ವಾರ ಏರ್‌ಟೆಲ್ ತನ್ನ ಏರ್‌ಟೆಲ್ ಝೀರೊ ಯೋಜನೆ ಘೋಷಿಸಿತು. ಆ್ಯಪ್ ಕಂಪನಿ ಏರ್‌ಟೆಲ್‌ಗೆ ದುಡ್ಡು ಕೊಟ್ಟರೆ, ಗಿರಾಕಿಗೆ ಆ ಆ್ಯಪ್ ಬಳಸಲು ಡೇಟಾ ಖರ್ಚಾಗುವುದಿಲ್ಲ. ಕೇಳಲು ಚೆನ್ನ. ಆದರೆ ಚಿತ್ರದುರ್ಗದ ಹುಡುಗನೊಬ್ಬ ಶೇಂಗಾ ಎಣ್ಣೆ ಮಾರಲು ಆ್ಯಪ್ ಮಾಡಿದರೆ ಅವನ ಆ್ಯಪಿಗೆ ಡೇಟಾ ಖರ್ಚಾಗುತ್ತದೆ, ದೊಡ್ಡ ಕಂಪನಿಯ ಆ್ಯಪಿಗೆ ಆಗುವುದಿಲ್ಲ. ಜನ ಯಾವುದನ್ನು ತೆರೆಯುತ್ತಾರೆ? ನೆಟ್ ನ್ಯೂಟ್ರಾಲಿಟಿ ಎಂದರೆ ಇಷ್ಟೇ: ದಾರಿಯ ಮಾಲೀಕ, ಯಾರ ಸರಕು ಎಂದು ನೋಡಿ ಸುಂಕ ಹಾಕಬಾರದು.

ಏರ್‌ಟೆಲ್ ಝೀರೊ ಸೇರಲು ಫ್ಲಿಪ್‌ಕಾರ್ಟ್ ಮಾತುಕತೆ ನಡೆಸುತ್ತಿದೆ ಎಂಬ ಸುದ್ದಿ ಬಂತು. ಸ್ಥಾಪಕರಲ್ಲಿ ಒಬ್ಬರಾದ ಸಚಿನ್ ಬನ್ಸಲ್ ಟ್ವಿಟರ್‌ನಲ್ಲಿ ಆ ಯೋಜನೆಯನ್ನು ಸಮರ್ಥಿಸಿದರು. ಜನ ಫ್ಲಿಪ್‌ಕಾರ್ಟ್ ಆ್ಯಪ್‌ಗೆ ಒಂದು ನಕ್ಷತ್ರ ಕೊಟ್ಟು ಫೋನಿನಿಂದ ತೆಗೆದುಹಾಕತೊಡಗಿದರು. ಏಪ್ರಿಲ್ 14ಕ್ಕೆ ಫ್ಲಿಪ್‌ಕಾರ್ಟ್ ಹಿಂದೆ ಸರಿಯಿತು. ಮರುದಿನ ಟಿಕೆಟ್ ಕಾದಿರಿಸುವ ತಾಣ ಕ್ಲಿಯರ್‌ಟ್ರಿಪ್, ಆಯ್ದ ಕೆಲವು ತಾಣಗಳನ್ನಷ್ಟೇ ಡೇಟಾ ಖರ್ಚಿಲ್ಲದೆ ಕೊಡುವ ಫೇಸ್‌ಬುಕ್‌ನ ಇಂಟರ್ನೆಟ್ ಡಾಟ್ ಆರ್ಗ್ ಯೋಜನೆಯಿಂದ ಹೊರಬಂತು. ಟ್ರಾಯ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು. ಟ್ರಾಯ್ ಆ ಇಮೇಲ್‌ಗಳನ್ನು ಕಳಿಸಿದವರ ಹೆಸರು, ವಿಳಾಸ ಸಮೇತ ತನ್ನ ತಾಣದಲ್ಲಿ ಹಾಕಿಬಿಟ್ಟಿತು. ಸರ್ಕಾರಕ್ಕೆ ಅಭಿಪ್ರಾಯ ಬರೆದ ತಪ್ಪಿಗೆ ಸಾಮಾನ್ಯರ ಇಮೇಲ್ ವಿಳಾಸ ಊರೆಲ್ಲ ಸುತ್ತಬೇಕಾಯಿತು. ಆಗಬಾರದಿತ್ತು.

ಇಲ್ಲಿ ಗಮನಿಸಬೇಕಾದದ್ದಿದೆ. ಯೋಜನೆ ಏರ್‌ಟೆಲ್‌ನದು, ಮೊದಲು ಹಿಂದೆ ಸರಿದದ್ದು ಫ್ಲಿಪ್‌ಕಾರ್ಟ್. ಫ್ಲಿಪ್‌ಕಾರ್ಟ್ ಬಿಡಲು ಬೇಕಾದದ್ದು ಹೆಬ್ಬೆರಳಿನ ಒಂದು ಒತ್ತು, ಅದೇ ಸೀರೆ ಅದೇ ಫೋನು ಇನ್ನೊಂದು ಆ್ಯಪ್‌ನಲ್ಲಿ ಸಿಗುತ್ತಿತ್ತು. ಸಿಮ್ ಬಿಡುವುದು ಹಾಗಲ್ಲ. 2011ರ ಜನವರಿ 20ರಿಂದ ದೇಶದಲ್ಲೆಲ್ಲ ನಂಬರ್ ಪೋರ್ಟ್ ಮಾಡುವ ಸೌಲಭ್ಯವೇನೋ ಇದೆ. 1900ಕ್ಕೆ ಎಸ್‌ಎಂಎಸ್ ಕಳಿಸಿದರೆ ಎಂಟಕ್ಷರದ ಕೋಡ್ ಬರುತ್ತದೆ, ಅದನ್ನು ಹಿಡಿದು ಬೇರೆ ಕಂಪನಿಗೆ ಹೋಗಬಹುದು. ಬ್ಯಾಂಕು, ಆಧಾರ್, ಬಂಧುಬಳಗ ಎಲ್ಲಕ್ಕೂ ಗೊತ್ತಿರುವ ನಂಬರ್ ಉಳಿಯುತ್ತದೆ ಎನ್ನುವುದೇ ದೊಡ್ಡ ಸ್ವಾತಂತ್ರ್ಯ. ಆದರೆ ಜಗಳೂರಿನ ಆಚೆ ಯಾವುದೋ ಹಳ್ಳಿಯಲ್ಲಿ ಒಂದೇ ಕಂಪನಿಯ ಸಿಗ್ನಲ್ ಸಿಗುವುದಾದರೆ ಆ ಕೋಡ್ ಇಟ್ಟುಕೊಂಡು ಏನು ಮಾಡುವುದು? ಅಂದಿಗೂ ಇಂದಿಗೂ ಇನ್ನೊಂದು ವ್ಯತ್ಯಾಸವಿದೆ. ಆಗ ಮೊಬೈಲ್ ಕಂಪನಿಗಳು ಹತ್ತಾರು ಇದ್ದವು. ಈಗ ಜಿಯೊ, ಏರ್‌ಟೆಲ್, ವಿ, ಬಿಎಸ್‌ಎನ್‌ಎಲ್. ಹೋಗುವ ಬಾಗಿಲು ಕಡಿಮೆಯಾದಷ್ಟೂ ಬಿಡುತ್ತೇನೆ ಎನ್ನುವ ಮಾತಿನ ತೂಕ ಇಳಿಯುತ್ತದೆ.

ಸಂಖ್ಯೆಯೇ ಎಲ್ಲ ಎನ್ನುವವರಿಗೆ ನಾನು ಹೇಳುವುದು ಅದೇ ವರ್ಷದ ಕೊನೆಯ ಕಥೆ. ಫೇಸ್‌ಬುಕ್ ತನ್ನ ಇಂಟರ್ನೆಟ್ ಡಾಟ್ ಆರ್ಗ್ ಯೋಜನೆಯನ್ನು ಫ್ರೀ ಬೇಸಿಕ್ಸ್ ಎಂಬ ಹೊಸ ಹೆಸರಿನಲ್ಲಿ ಮುಂದಿಟ್ಟು, ಪುಟಗಟ್ಟಲೆ ಜಾಹೀರಾತು ಕೊಟ್ಟು, ತಾನೇ ಸಿದ್ಧಪಡಿಸಿದ ಬೆಂಬಲ ಪತ್ರಗಳು ಬಳಕೆದಾರರ ಹೆಸರಿನಲ್ಲಿ ಟ್ರಾಯ್‌ಗೆ ಹೋಗುವಂತೆ ಮಾಡಿತು. ಬಂದ ಸುಮಾರು 24 ಲಕ್ಷ ಪ್ರತಿಕ್ರಿಯೆಗಳಲ್ಲಿ 18.9 ಲಕ್ಷ ಫ್ರೀ ಬೇಸಿಕ್ಸ್ ಪರವಾದ ಅಚ್ಚುಪ್ರತಿಗಳೇ. ನಾವು ಕೇಳಿದ ಪ್ರಶ್ನೆಗಳಿಗೆ ಇವುಗಳಲ್ಲಿ ಉತ್ತರವಿಲ್ಲ ಎಂದು ಟ್ರಾಯ್ ಹೇಳಿತು. 2016ರ ಫೆಬ್ರುವರಿ 8ರಂದು, ಯಾವ ತಾಣ ಎಂದು ನೋಡಿ ಡೇಟಾಗೆ ಬೇರೆ ಬೇರೆ ದರ ಹಾಕುವುದನ್ನು ನಿಷೇಧಿಸಿತು. ಮೀರಿದರೆ ದಿನಕ್ಕೆ 50,000 ರೂಪಾಯಿ ದಂಡ, ಗರಿಷ್ಠ 50 ಲಕ್ಷ. ಮೂರು ದಿನದಲ್ಲಿ ಫೇಸ್‌ಬುಕ್ ಫ್ರೀ ಬೇಸಿಕ್ಸ್ ಅನ್ನು ಭಾರತದಿಂದ ಹಿಂದಕ್ಕೆ ಪಡೆಯಿತು. ತಲೆ ಎಣಿಸಿದ್ದರೆ ಫೇಸ್‌ಬುಕ್ ಗೆಲ್ಲಬೇಕಿತ್ತು. ಪ್ರಶ್ನೆ ಓದಿ, ವಾದ ಕಟ್ಟಿ ಬರೆದವರ ಮಾತು ಉಳಿಯಿತು.

ಫೇಸ್‌ಬುಕ್‌ನ ಮಾತು ಬಂದಾಗ ಇದನ್ನೂ ಹೇಳಬೇಕು. ಸೋಪಾ ಬಿದ್ದ ಕೆಲವೇ ತಿಂಗಳಲ್ಲಿ ಅಮೆರಿಕದಲ್ಲಿ ಸಿಸ್ಪಾ ಎಂಬ ಇನ್ನೊಂದು ಮಸೂದೆ ಚರ್ಚೆಗೆ ಬಂತು. ಸೈಬರ್ ಭದ್ರತೆಯ ಹೆಸರಿನಲ್ಲಿ ಬಳಕೆದಾರರ ಮಾಹಿತಿಯನ್ನು ಕಂಪನಿಗಳು ಸರ್ಕಾರದ ಜೊತೆ ಹಂಚಿಕೊಳ್ಳಲು ದಾರಿ ಮಾಡುವಂಥದ್ದು. ಫೇಸ್‌ಬುಕ್ ಬೆಂಬಲಿಸಿತ್ತು. 2012ರ ಏಪ್ರಿಲ್ 26ರಂದು ಕೆಳಮನೆ ಅದನ್ನು ಅಂಗೀಕರಿಸಿಯೂ ಬಿಟ್ಟಿತು. ಅದು ನಿಂತದ್ದು ಸೆನೆಟ್‌ನಲ್ಲಿ, ಬಹಿಷ್ಕಾರದಿಂದ ಅಲ್ಲ. ನಾವು ಫೇಸ್‌ಬುಕ್‌ಗೆ ದುಡ್ಡು ಕೊಡುವುದಿಲ್ಲ, ಕೊಡುವವರು ಜಾಹೀರಾತುದಾರರು. ಬಿಟ್ಟು ಹೋಗಬೇಕೆಂದರೆ ಗೆಳೆಯರು, ಊರಿನ ಗುಂಪು ಎಲ್ಲ ಅಲ್ಲೇ ಬಿಡಬೇಕು. ಅದನ್ನು ಹೊತ್ತೊಯ್ಯಲು ಆಥ್ ಕೋಡ್ ಇಲ್ಲ.

ಕಂಪನಿಗಳಿಗೂ ಈ ಪಾಠ ಗೊತ್ತಾಗಿದೆ. ಈಗ ಅವು ಒಂಟಿಯಾಗಿ ಮಾತಾಡುವುದು ಕಡಿಮೆ, ಸಂಘದ ಬಾಯಿಂದ ಮಾತಾಡುತ್ತವೆ. ಸೋಪಾ ಕಾಲದಲ್ಲೇ ಇದಿತ್ತು. ಸಾಫ್ಟ್‌ವೇರ್ ಕಂಪನಿಗಳ ಸಂಘ ಬಿಎಸ್‌ಎ ಮಸೂದೆಯನ್ನು ಮೊದಲು ಸ್ವಾಗತಿಸಿತ್ತು, ಆಮೇಲೆ ಅನುಮಾನ ಹೇಳಿತು. ಅದೂ ಸಾಲದೆಂದು, ವೈರಸ್ ತಡೆಯುವ ಸಾಫ್ಟ್‌ವೇರ್ ಮಾಡುವ ಕ್ಯಾಸ್ಪರ್‌ಸ್ಕಿ ಕಂಪನಿ ಆ ಸಂಘವನ್ನೇ ಬಿಟ್ಟಿತು. ಎಲ್ಲ ಕಂಪನಿಗೂ ಅಷ್ಟು ಧೈರ್ಯ ಇರುವುದಿಲ್ಲ. ನಮ್ಮಲ್ಲಿ ಮೊಬೈಲ್ ಕಂಪನಿಗಳ ಸಂಘ ಸಿಒಎಐ. ನಮ್ಮ ಜಾಲದಲ್ಲಿ ಹೆಚ್ಚು ಡೇಟಾ ಹರಿಸುವ ದೊಡ್ಡ ಆ್ಯಪ್‌ಗಳು ನಮಗೆ ಪಾಲು ಕೊಡಬೇಕು ಎಂದು ಅದು ವರ್ಷಗಳಿಂದ ಕೇಳುತ್ತಿದೆ. 2023ರ ಜುಲೈ 7ರಂದು ಟ್ರಾಯ್ ಮತ್ತೆ ಸಮಾಲೋಚನಾ ಪತ್ರ ಹೊರಡಿಸಿದಾಗ ಖಾಸಗಿ ಕಂಪನಿಗಳದೆಲ್ಲ ಹೆಚ್ಚುಕಡಿಮೆ ಒಂದೇ ರಾಗ. ಎಲ್ಲರೂ ಒಂದೇ ಕಡೆ ನಿಂತಾಗ ಪೋರ್ಟ್ ಮಾಡಿ ಹೋಗುವುದಾದರೂ ಎಲ್ಲಿಗೆ? ಅಂಥ ಕಡೆ ಬಹಿಷ್ಕಾರದ ಕರೆ ಕೊಡುವುದು ಜನರ ಶಕ್ತಿಯನ್ನು ವ್ಯರ್ಥ ಮಾಡುವುದು ಎಂದೇ ನನ್ನ ಅಭಿಪ್ರಾಯ.

ತಪ್ಪು ವಿಳಾಸಕ್ಕೆ ಬೀಳುವ ಸಿಟ್ಟಿನ ಬಗ್ಗೆಯೂ ಹೇಳಲೇಬೇಕು, ಅದರಿಂದ ನೋಯುವವರು ನಿಜವಾದ ಮನುಷ್ಯರು. 2017ರ ಏಪ್ರಿಲ್‌ನಲ್ಲಿ ಸ್ನ್ಯಾಪ್‌ಚಾಟ್‌ನ ಮುಖ್ಯಸ್ಥ ಭಾರತವನ್ನು ಬಡದೇಶ ಎಂದು ಹಗುರವಾಗಿ ಮಾತಾಡಿದರು ಎಂದು ಹಳೆಯ ಉದ್ಯೋಗಿಯೊಬ್ಬ ಮೊಕದ್ದಮೆಯಲ್ಲಿ ಆರೋಪಿಸಿದ್ದು ಸುದ್ದಿಯಾಯಿತು. ಕಂಪನಿ ಅಲ್ಲಗಳೆಯಿತು. ಅಷ್ಟರಲ್ಲಿ ಅನೇಕರು ಹೆಸರಿನ ಮೊದಲರ್ಧ ನೋಡಿ, ಸಂಬಂಧವೇ ಇಲ್ಲದ ಭಾರತದ ಸ್ನ್ಯಾಪ್‌ಡೀಲ್‌ಗೆ ಒಂದು ನಕ್ಷತ್ರ ಕೊಟ್ಟು ಆ್ಯಪ್ ತೆಗೆದುಹಾಕಿದ್ದರು. ನಕ್ಷತ್ರಗಳ ಆಯುಷ್ಯವೂ ಅಷ್ಟೇ. 2020ರಲ್ಲಿ ಟಿಕ್‌ಟಾಕ್‌ನ ರೇಟಿಂಗ್ ಪಾತಾಳಕ್ಕೆ ಇಳಿದಾಗ ಗೂಗಲ್ ಲಕ್ಷಾಂತರ ವಿಮರ್ಶೆಗಳನ್ನು ಅಳಿಸಿಹಾಕಿತು. ಕಂಪನಿಯ ನಿಜವಾದ ನಿಲುವು ಏನು, ಯಾವ ದಾಖಲೆಯಲ್ಲಿದೆ ಎಂದು ನೋಡದೆ ಕರೆ ಕೊಡಬಾರದು. ಟ್ರಾಯ್‌ಗೆ ಕಂಪನಿಗಳು ಕೊಟ್ಟ ಉತ್ತರಗಳು ಟ್ರಾಯ್ ತಾಣದಲ್ಲೇ ಸಿಗುತ್ತವೆ, ಯಾರು ಬೇಕಾದರೂ ಓದಬಹುದು.

ಇನ್ನು ಕೆಲವು ಕಡೆ ಬಹಿಷ್ಕರಿಸಲು ಕಂಪನಿಯೇ ಇರುವುದಿಲ್ಲ. ಸೋಪಾ ಬಿತ್ತು ಎಂದು ಅಮೆರಿಕದವರು ನಿಟ್ಟುಸಿರು ಬಿಟ್ಟ ನಾಲ್ಕೇ ತಿಂಗಳಿಗೆ, 2012ರ ಮೇನಲ್ಲಿ, ನಮ್ಮ ಮನೆಗಳಲ್ಲಿ ವಿಡಿಯೊ ತಾಣ ವಿಮಿಯೊ, ಬರಹ ಹಂಚುವ ತಾಣ ಪೇಸ್ಟ್‌ಬಿನ್, ಕಡತ ಹಂಚುವ ಹಲವು ಟೊರೆಂಟ್ ತಾಣಗಳು ತೆರೆಯದಾದವು. ಸಿನಿಮಾ ನಿರ್ಮಾಪಕರ ಪರವಾಗಿ ಚೆನ್ನೈನ ಸಂಸ್ಥೆಯೊಂದು ಮದ್ರಾಸ್ ಹೈಕೋರ್ಟಿನಿಂದ, ಹೆಸರು ಗೊತ್ತಿಲ್ಲದ ಪ್ರತಿವಾದಿಗಳ ಮೇಲೆ ಆದೇಶ ತಂದಿತ್ತು. ಇಂಟರ್ನೆಟ್ ಕಂಪನಿಗಳು ಅದನ್ನು ಹಿಡಿದು ತಾಣಕ್ಕೆ ತಾಣವನ್ನೇ ಮುಚ್ಚಿದವು. ಜೂನ್‌ನಲ್ಲಿ ಕೋರ್ಟ್, ಕದ್ದ ಸಿನಿಮಾ ಇರುವ ಪುಟದ ವಿಳಾಸವನ್ನಷ್ಟೇ ತಡೆಯಬೇಕು, ಇಡೀ ತಾಣವನ್ನಲ್ಲ ಎಂದು ಸ್ಪಷ್ಟಪಡಿಸಿತು. 2019ರ ಏಪ್ರಿಲ್ 10ರಂದು ದೆಹಲಿ ಹೈಕೋರ್ಟ್ ಇನ್ನೂ ಮುಂದೆ ಹೋಗಿ, ತಡೆದ ತಾಣ ಬೇರೆ ಹೆಸರಿನಲ್ಲಿ ಮರಳಿ ಬಂದರೆ ಹೊಸ ಮೊಕದ್ದಮೆ ಇಲ್ಲದೆಯೇ ಅದನ್ನೂ ತಡೆಸಲು ದಾರಿ ಮಾಡಿಕೊಟ್ಟಿತು. ಅಮೆರಿಕದಲ್ಲಿ ಮಸೂದೆಯಾಗಿ ಬಂದು ಸೋತದ್ದರ ಹತ್ತಿರಹತ್ತಿರದ ಸಂಗತಿ ಇಲ್ಲಿ ಆದೇಶಗಳ ಮೂಲಕ ಬಂದಿದೆ. ಕೋರ್ಟು ಅಂಗಡಿಯಲ್ಲ, ಬಿಟ್ಟು ಹೋಗಲು ಬರುವುದಿಲ್ಲ. ಅಲ್ಲಿ ಬೇಕಾದದ್ದು ವಕೀಲರು, ತಕರಾರು ಅರ್ಜಿ, ತಾಳ್ಮೆ.

ಮಸೂದೆಯ ಹಂತದಲ್ಲಿ ಮಾತ್ರ ನಮಗೆ ಇನ್ನೊಂದು ಬಾಗಿಲಿದೆ. ಕಾನೂನಿನ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು ಎಂದು ಕೇಂದ್ರ ಸರ್ಕಾರ 2014ರಲ್ಲೇ ನೀತಿ ಮಾಡಿಕೊಂಡಿದೆ. ಅದು ಕಡ್ಡಾಯ ಕಾನೂನಲ್ಲ, ಎಷ್ಟೋ ಸಲ ಪಾಲನೆಯಾಗುವುದೂ ಇಲ್ಲ. ಪಾಲನೆಯಾದಾಗಲೂ ಕರಡು ಬರುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಇಲ್ಲವೇ ಹಿಂದಿಯಲ್ಲಿ. ಚಳ್ಳಕೆರೆಯ ಎಣ್ಣೆ ವ್ಯಾಪಾರಿಗೆ, ಮೊಳಕಾಲ್ಮೂರಿನ ನೇಕಾರರಿಗೆ ಆ 30 ದಿನ ಇದ್ದೂ ಇಲ್ಲದಂತೆ. 2015ರಲ್ಲಿ ಸ್ವಯಂಸೇವಕರು ಟ್ರಾಯ್‌ನ 20 ಪ್ರಶ್ನೆಗಳಿಗೆ ಸರಳ ಇಂಗ್ಲಿಷಿನಲ್ಲಿ ಉತ್ತರ ಬರೆದು ಹಂಚಿದ್ದರಿಂದಲೇ ಅಷ್ಟು ಜನ ಬರೆಯಲು ಸಾಧ್ಯವಾಯಿತು. ಮುಂದಿನ ಕರಡು ಬಂದಾಗ ಅದೇ ಕೆಲಸ ಕನ್ನಡದಲ್ಲಿ ಆಗಬೇಕು, ಮೊದಲ ವಾರದಲ್ಲೇ ಆಗಬೇಕು. ದಾವಣಗೆರೆಯಲ್ಲಿ ಕಾನೂನು ಕಾಲೇಜಿದೆ, ಎಂಜಿನಿಯರಿಂಗ್ ಕಾಲೇಜುಗಳಿವೆ, ವಿಶ್ವವಿದ್ಯಾಲಯವಿದೆ, ಚಿತ್ರದುರ್ಗದಲ್ಲಿ ವಕೀಲರ ಸಂಘವಿದೆ. ಕಾನೂನು ಓದುವ ಹುಡುಗಿಯೊಬ್ಬಳು, ನೆಟ್‌ವರ್ಕ್ ಓದುವ ಹುಡುಗನೊಬ್ಬ ಜೊತೆಗೆ ಕೂತರೆ ನೂರು ಪುಟದ ಕರಡನ್ನು ನಾಲ್ಕು ಪುಟ ಕನ್ನಡಕ್ಕೆ ಇಳಿಸಬಲ್ಲರು. ಯಾವ ಕಲಂ ಯಾರ ಅಂಗಡಿಯನ್ನು ತಟ್ಟುತ್ತದೆ, ಯಾವ ಕಂಪನಿ ಯಾವ ಕಡೆ ನಿಂತಿದೆ, ಅಭಿಪ್ರಾಯ ಯಾವ ಇಮೇಲ್‌ಗೆ ಯಾವ ತಾರೀಖಿನೊಳಗೆ ಕಳಿಸಬೇಕು ಎನ್ನುವುದಷ್ಟು ಅದರಲ್ಲಿದ್ದರೆ, ಸೀರೆ ಅಂಗಡಿಯ ಯಜಮಾನರಿಗೆ ಅದನ್ನು ಓದಿ ಹೇಳುವ ಕೆಲಸ ನನ್ನದು.